ಹೆಲ್ವಿಯ ತೊಂಬತ್ತೆಂಟನೇ ಇಸವಿಯ ದನಿ

ನಲವತ್ತೊಂದು ವರ್ಷದ ದಾಂಪತ್ಯದಲ್ಲಿ ರೇನೊ ಕಲ್ಲಿಯೊ ಹೆಂಡತಿಯ ಎದುರು ಒಂದು ವಾದವನ್ನೂ ಗೆದ್ದವನಲ್ಲ. ಈ ಮಾರ್ಚಿನಿಂದ ಎಲ್ಲವನ್ನೂ ಗೆಲ್ಲತೊಡಗಿದ. ಗಂಟಲ ಕ್ಯಾನ್ಸರೆಂದು ಡಾಕ್ಟರುಗಳು ಹೆಲ್ವಿಯ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. "ಕಿಟಕಿಗೆ ಬಣ್ಣ ಮುಂದಿನ ವರ್ಷ ಬಳಿದರಾಯ್ತು ಬಿಡು" ಎಂದು ಅವನು ಅಪ್ಪಣೆ ಕೊಡಿಸುವುದು. ಅವಳು ಸ್ಲೇಟು ಹುಡುಕಿ ಉತ್ತರ ಬರೆದು ಮುಗಿಸುವಷ್ಟರಲ್ಲಿ ಇವನು ಹಿತ್ತಲಿನ ಸೌನಾ ಸೇರಿ, ಬಾಗಿಲು ಹಾಕಿಕೊಂಡು, ಹಬೆಯಲ್ಲಿ ಬೇಯುತ್ತ ಕೂತಿರುವುದು. ಆರು ತಿಂಗಳು ಹೀಗೆ ದಿಗ್ವಿಜಯ ನಡೆಯಿತು. ಆಮೇಲೊಂದು ದಿನ, ಗೆದ್ದು ಬಂದು ಸೌನಾದ ಹಲಗೆಯ ಮೇಲೆ ಕೂತವನಿಗೆ ಅಳು ಬಂತು.

ಆಸ್ಪತ್ರೆಯವರು ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನು ಕೊಟ್ಟಿದ್ದರು. ಹೆಲ್ವಿ ಅದರಲ್ಲಿ ಒಂದೇ ಸಲ "ಕಾಫಿ" ಎಂದಳು. ಮೋಟರ್ ದೋಣಿ ಕೆಮ್ಮಿದಂತೆ ಕೇಳಿಸಿತು. ಅಂದೇ ಅದು ಆಲೂಗಡ್ಡೆ ಇಡುವ ಡ್ರಾಯರಿನ ತಳ ಸೇರಿತು.

ಅಳು ಬಂದ ದಿನವೇ ರೇನೊಗೆ ನೆಲಮಾಳಿಗೆಯ ಹಳೇ ಕಂಪ್ಯೂಟರಿನ ನೆನಪಾದದ್ದು. ತೊಂಬತ್ತೆಂಟರಲ್ಲಿ ಹೆಲ್ವಿ ಅದರಲ್ಲಿ 'ಮಾತಾಡುವ ಡೈರಿ' ಎಂಬ ಪ್ರೋಗ್ರಾಮು ಹಾಕಿಸಿಕೊಂಡಿದ್ದಳು. ಮಾಡಬೇಕಾದ ಕೆಲಸವನ್ನು ಸ್ವಂತ ದನಿಯಲ್ಲಿ ಹೇಳಿಟ್ಟರೆ, ಆ ದಿನ ಆ ಹೊತ್ತಿಗೆ ಅದು ಕೂಗಿ ಹೇಳುತ್ತಿತ್ತು. ಜಾಮಿನ ಶೀಷೆಗಳ ಹಿಂದಿನಿಂದ ಕಂಪ್ಯೂಟರನ್ನು ಎಳೆದು ತಂದು ಸ್ವಿಚ್ಚು ಹಾಕಿದ. ಸುಟ್ಟ ವಾಸನೆ ಬಂತು, ಅಷ್ಟೆ.

ಎರಡು ಮನೆಯಾಚೆಯ ಡೋರೀನ್ ಪೆಟ್ರೂಚಿ ಲೈಬ್ರರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದು ನಿವೃತ್ತಳಾದವಳು. ಹಾರ್ಡ್ ಡಿಸ್ಕನ್ನು ಬಿಚ್ಚಿಸಿಕೊಂಡು, ಅದರಲ್ಲಿದ್ದದ್ದನ್ನೆಲ್ಲ ಹೇಗೋ ಬಸಿದು ಕೊಟ್ಟಳು.

"ನಿನ್ನ ಹೊಸ ಕಂಪ್ಯೂಟರ್‌ಗೆ ಈ ಹಳೇ ಪ್ರೋಗ್ರಾಮಿನ ಭಾಷೆ ಗೊತ್ತಿಲ್ಲ ರೇನೊ. ಅದಕ್ಕೇ ಹೊಸದರ ಹೊಟ್ಟೆಯೊಳಗೆ ಒಂದು ಸುಳ್ಳು ಹಳೇ ಕಂಪ್ಯೂಟರ್ ಕಟ್ಟಬೇಕು. ವರ್ಚುವಲ್ ಮಷೀನ್ ಅಂತಾರೆ. ಪ್ರೋಗ್ರಾಮು ಪಾಪ, ತಾನಿನ್ನೂ ಹಳೇ ಮನೇಲೇ ಇದ್ದೀನಿ ಅಂದ್ಕೊಂಡು ಕೆಲಸ ಮಾಡುತ್ತೆ."

"ಅಷ್ಟೇನಾ."

"ಅಷ್ಟೇ. ಒಂದು ಮಾತು. ಅದರೊಳಗಿನ ತಾರೀಖನ್ನ ಹಿಂದಕ್ಕೆ ಹಾಕು, ತೊಂಬತ್ತೆಂಟಕ್ಕೆ."

"ಮೂವತ್ತೊಂದು ವರ್ಷ ಧಾನ್ಯದ ಗೋದಾಮಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೋನು ನಾನು" ಎಂದ ರೇನೊ. (ಇದು ಅವನು ಯಾವ ಸಲಹೆಯನ್ನೂ ಕೇಳಿಸಿಕೊಳ್ಳದೆ ಇರುವ ರೀತಿ.)

ಮೂರು ವಾರ ಹಿಡಿಯಿತು. ಮೊದಲು ಸುಳ್ಳು ಕಂಪ್ಯೂಟರ್ ಏಳಲೇ ಇಲ್ಲ. ಎದ್ದ ಮೇಲೆ ಪ್ರೋಗ್ರಾಮು ತೆರೆಯಲಿಲ್ಲ. ತೆರೆದಾಗ ಹೆಲ್ವಿಯ ಹಾಗೇ ಅದಕ್ಕೂ ದನಿ ಇರಲಿಲ್ಲ. ಸುಳ್ಳು ಕಂಪ್ಯೂಟರಿಗೆ ಸುಳ್ಳು ಸೌಂಡ್ ಕಾರ್ಡನ್ನೂ ಜೋಡಿಸಬೇಕಿತ್ತು. ಹೆಲ್ವಿ ಬಾಗಿಲಲ್ಲಿ ನಿಂತು ನೋಡಿದಳು, ಸ್ಲೇಟಿನಲ್ಲಿ ಬರೆದು ತೋರಿಸಿದಳು: "ಯಾಕಿಷ್ಟು ಒದ್ದಾಟ? ನಾನು ಹೋದಮೇಲೆ ಕೇಳೋಕಾ?"

ಜುಲೈ ತಪಾಸಣೆಯಲ್ಲಿ ಅವಳ ಶ್ವಾಸಕೋಶದಲ್ಲಿ ಒಂದು ಚುಕ್ಕೆ ಕಂಡಿತ್ತು. ಅದರ ಬಗ್ಗೆ ಇಬ್ಬರೂ ಮಾತಾಡಿರಲಿಲ್ಲ. ಒಬ್ಬಳಿಗೆ ದನಿಯಿರಲಿಲ್ಲ, ಇನ್ನೊಬ್ಬನಿಗೆ ಧೈರ್ಯ.

"ಸುಮ್ನೆ, ಹೊತ್ತು ಹೋಗಲಿ ಅಂತ" ಎಂದ.

ಭಾನುವಾರ ಮಧ್ಯಾಹ್ನ ಡೋರೀನಳನ್ನು ಕಾಫಿಗೂ ಏಲಕ್ಕಿ ಬ್ರೆಡ್ಡಿಗೂ ಕರೆದು, ಹೆಲ್ವಿಯನ್ನು ಎದುರಿಗೆ ಕೂರಿಸಿ, ರೇನೊ ಗುಂಡಿ ಒತ್ತಿದ. ತಾರೀಖು ಇಂದಿನದೇ ಇತ್ತು. ಇಪ್ಪತ್ತು ಚಿಲ್ಲರೆ ವರ್ಷ ನಿದ್ದೆ ಹೋಗಿದ್ದ ಡೈರಿ ಎದ್ದು, ಯಾವ ಕೆಲಸವೂ ಆಗಿಲ್ಲವೆಂದು ತಿಳಿದು, ಎಲ್ಲವನ್ನೂ ಸಾಲಾಗಿ ಹೇಳತೊಡಗಿತು.

"ರೇನೊ, ಕಸ ಹೊರಗಿಡು."

ಹೆಲ್ವಿ ಬಟ್ಟಲನ್ನು ಕೆಳಗಿಟ್ಟಳು. ಅದೇ ದನಿ. ಕಂಚಿನಂಥದು.

"ರೇನೊ, ಕಸ ಇನ್ನೂ ಅಲ್ಲೇ ಇದೆ." "ರೇನೊ, ಸೂರಿನ ದೋಣಿಲಿ ಎಲೆ ತುಂಬಿದೆ, ಏಣಿ ಹಾಕು ಮಾರಾಯ." "ಹಲ್ಲಿನ ಡಾಕ್ಟರ್, ಮೂರು ಗಂಟೆಗೆ. ಹೋದೆ ಅಂತ ಸುಳ್ಳು ಹೇಳಬೇಡ, ಫೋನ್ ಮಾಡಿ ಕೇಳ್ತೀನಿ." "ಕಿಟಕಿಗೆ ಬಣ್ಣ. ಈ ವರ್ಷ."

ರೇನೊ ನಿಲ್ಲಿಸಲು ಹೋದರೆ ಪರದೆಯ ಮೇಲೆ ಒಂದು ಮುಚ್ಚಿದ್ದಕ್ಕೆ ಎರಡು ತೆರೆಯಿತು. "ಹೇಳಿದ್ನಲ್ಲ, ತಾರೀಖು" ಎಂದ ಡೋರೀನಳಿಗೆ ಬ್ರೆಡ್ಡು ಗಂಟಲಲ್ಲಿ ಸಿಕ್ಕಿತು. ಹೆಲ್ವಿಯ ಭುಜಗಳು ಕುಲುಕುತ್ತಿದ್ದವು. ಕತ್ತಿನ ರಂಧ್ರದಿಂದ ಸುಯ್ ಸುಯ್ ಎಂದು ಗಾಳಿ ಬರುತ್ತಿತ್ತು. ಅವಳು ನಗುತ್ತಿದ್ದಾಳೆಂದು ರೇನೊಗೆ ತಿಳಿಯಲು ಸ್ವಲ್ಪ ಹೊತ್ತೇ ಬೇಕಾಯಿತು. ಮಾರ್ಚಿನಿಂದ ಈಚೆಗೆ ಅವಳು ನಕ್ಕಿರಲಿಲ್ಲ.

ಮುಕ್ಕಾಲು ಗಂಟೆಯಾದ ಮೇಲೆ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು.

"ಏಳೋ ನನ್ನ ಬಂಗಾರ. ಎಷ್ಟು ಹೊತ್ತು ಮಲಗ್ತೀಯ. ಬಾ, ಸರೋವರದ ದಂಡೆಗೆ ಹೋಗಿ ಬರೋಣ."

ರೇನೊ ಕಣ್ಣೊರೆಸಿಕೊಂಡ. "ನೋಡು ಡೋರೀನ್" ಎಂದ. "ಬೈಯ್ತಾ ಇದ್ದಿದ್ದೆಲ್ಲ ಮೇಲುಮೇಲಕ್ಕೆ. ಒಳಗೆ ಎಷ್ಟು ಪ್ರೀತಿ ಇಟ್ಕೊಂಡಿದ್ಲು."

ಹೆಲ್ವಿ ನಿಧಾನವಾಗಿ ಸ್ಲೇಟು ಎತ್ತಿಕೊಂಡು ಬರೆದಳು: "ಅದು ನಾಯಿಗೆ. ನನಗೆ ಬೆಳಗಿನ ಪಾಳಿ ಇದ್ದಾಗ ಆಗ ಇತ್ತಲ್ಲ ಮುಸ್ತಿ, ಅದು ಕೇಳಲಿ ಅಂತ. ಅದು ಎದ್ದು ನಿನ್ನ ಹೊದಿಕೆ ಎಳೀತಿತ್ತು."

ಡೋರೀನ್ ಬೇಗನೆ ಕೋಟು ತೊಟ್ಟುಕೊಂಡು ಹೊರಟಳು.

ಸೋಮವಾರ ಬೆಳಿಗ್ಗೆ ಏಳಕ್ಕೆ, ತೆರೆದ ಬಾಗಿಲಿನಾಚೆಯಿಂದ ದನಿ ಬಂತು. "ಏಳೋ ನನ್ನ ಬಂಗಾರ." ರೇನೊ ತಲೆಯೆತ್ತಿ ನೋಡಿದ. ಹೆಲ್ವಿ ಕೋಟು ಬೂಟು ಹಾಕಿಕೊಂಡು, ಕತ್ತಿಗೆ ಮಫ್ಲರ್ ಸುತ್ತಿ, ಕಂಪ್ಯೂಟರಿನ ಪಕ್ಕ ನಿಂತಿದ್ದಳು.

"ಅದು ನಾಯಿಗೆ ಹೇಳಿದ್ದು" ಎಂದು ಮಗ್ಗುಲಾದ.

ಅವಳು ಭುಜ ಕುಣಿಸಿ ಮತ್ತೆ ಗುಂಡಿ ಒತ್ತಿದಳು. ರೇನೊ ಎದ್ದು ಬೂಟು ಹುಡುಕಿದ.