ಆರು ಕುರ್ಚಿಗಳಲ್ಲಿ ಒಂಬತ್ತು ಮನೆಗಳು ಬಡತನ ದಾಟಿದ ಬಗ್ಗೆ

ಕಿರುಸಾಲ ಸಂಸ್ಥೆಗಳ ಒಕ್ಕೂಟದ ಕುಟುಂಬ ಪ್ರಗತಿ ಅಳತೆ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ, ಮಹನೀಯರೇ, ಎಲ್ಲರನ್ನೂ ಅಳೆದು ತಾವು ಮಾತ್ರ ಅಳತೆಗೆ ಸಿಗದ ದೊಡ್ಡವರೇ,

ಮೊದಲು ತುರ್ತು ಸುದ್ದಿ. ತಮ್ಮ ವಿಭಾಗದ ಟ್ಯಾಬು ನಮ್ಮ ಗಲ್ಲಿಯ ನೀರಿನ ತೊಟ್ಟಿಗೆ ಬಿದ್ದಿದ್ದು, ಅದರೊಳಗಿದ್ದ ಹನ್ನೆರಡು ಸಾವಿರ ಬಡ ಕುಟುಂಬಗಳು ಮಕ್ಕಳುಮರಿ ಸಮೇತ ಈ ಕ್ಷಣದಲ್ಲಿ ಮುಳುಗುತ್ತಿವೆ. ಹಗ್ಗ, ಟವೆಲ್ಲು ಮತ್ತು ಚಾರ್ಜರು ಹಿಡಿದುಕೊಂಡು ಕೂಡಲೇ ಹೊರಟು ಬರಬೇಕಾಗಿ ಪ್ರಾರ್ಥನೆ.

ಇಷ್ಟು ಓದಿ ತಾವು ಎದ್ದು ನಿಂತಿದ್ದರೆ ದಯವಿಟ್ಟು ಮತ್ತೆ ಕೂತುಕೊಳ್ಳಿ. ಟ್ಯಾಬು ಬಿದ್ದಿಲ್ಲ, ತೊಟ್ಟಿಯಲ್ಲಿ ಅದು ಮುಳುಗುವಷ್ಟು ನೀರೂ ಇಲ್ಲ. ಮೂವತ್ತೊಂದು ವರ್ಷ ಪೋಸ್ಟ್‌ಮ್ಯಾನ್ ಆಗಿ ಊರಿನವರ ಕಾಗದ ಹಂಚಿದವನು ನಾನು. ಕಚೇರಿಗೆ ಬಂದ ದೂರಿನ ಪತ್ರ ಎರಡನೇ ಸಾಲಿಗೇ ಕಸದ ಬುಟ್ಟಿ ಸೇರುವುದನ್ನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಅದಕ್ಕೇ ಒಂದು ಸುಳ್ಳನ್ನು ಮುಂದೆ ಬಿಟ್ಟುಕೊಂಡು ಅದರ ಬೆನ್ನ ಹಿಂದೆ ಬಂದಿದ್ದೇನೆ. ತಪ್ಪಾಯಿತು. ಯಾರೂ ಮುಳುಗಿಲ್ಲ. ಬದಲಿಗೆ ತಮ್ಮ ದಯೆಯಿಂದ ನಾವೆಲ್ಲರೂ ದಡ ಸೇರಿಬಿಟ್ಟಿದ್ದೇವೆ, ಮತ್ತು ನನ್ನ ದೂರು ಇರುವುದೇ ಆ ದಡದ ಬಗ್ಗೆ.

ಹೋದ ತಿಂಗಳು ತಮ್ಮ ಒಕ್ಕೂಟದಿಂದ ನಮ್ಮ ಗಲ್ಲಿಯ ಒಂಬತ್ತು ಮನೆಗಳಿಗೂ ಹೊಳೆಯುವ ಕಾಗದದಲ್ಲಿ ಅಭಿನಂದನಾ ಪತ್ರ ಬಂದಿತು. ತಮ್ಮ ಮೂರು ವರ್ಷದ ಯೋಜನೆಯಲ್ಲಿ ನೂರಕ್ಕೆ ಅರವತ್ತು ಕುಟುಂಬಗಳನ್ನು ಬಡತನದಿಂದ ದಾಟಿಸುವ ಗುರಿ ಇತ್ತೆಂದೂ, ಎಪ್ಪತ್ತು ಅಂಕ ಮುಟ್ಟಿದವರು ದಾಟಿದವರೆಂದೂ, ನಾವು ಒಂಬತ್ತಕ್ಕೆ ಒಂಬತ್ತೂ ದಾಟಿ ಎಲ್ಲರಿಗೂ ಮಾದರಿಯಾಗಿದ್ದೇವೆಂದೂ ಅದರಲ್ಲಿ ಬರೆದಿತ್ತು. ಪ್ರತಿ ಮನೆಯ ಅಂಕಪಟ್ಟಿಯ ನಕಲನ್ನೂ ಲಗತ್ತಿಸಿದ್ದಿರಿ. ಶಾಲೆಯಲ್ಲಿ ಎಂದೂ ಮೂವತ್ತೈದು ದಾಟದ ನನಗೆ ಎಪ್ಪತ್ತೆಂಟು ಬಂದಿದೆ. ನಮ್ಮಪ್ಪ ಬದುಕಿದ್ದರೆ ಯಾರನ್ನು ನೋಡಿ ಕಾಪಿ ಹೊಡೆದೆ ಎಂದು ಕೇಳುತ್ತಿದ್ದರು. ಕುರ್ಚಿಗಳನ್ನು ನೋಡಿ, ಮಾನ್ಯರೇ.

ಆ ಕುರ್ಚಿಗಳ ವಿಷಯವನ್ನು ತಮಗೆ ತಿಳಿಸುವುದು ನನ್ನ ಕರ್ತವ್ಯ. ನಮ್ಮ ಗಲ್ಲಿಯಲ್ಲಿ ಒಟ್ಟು ಆರು ಕುರ್ಚಿಗಳಿವೆ. ಐದು ಪ್ಲಾಸ್ಟಿಕ್ಕಿನವು, ಅದರಲ್ಲಿ ಒಂದರ ಕಾಲಿಗೆ ತಂತಿ ಸುತ್ತಿದೆ. ಆರನೆಯದು ಕ್ಷೌರದಂಗಡಿಯವನು ಹಳೆಯದಾಯಿತೆಂದು ಮನೆಗೆ ತಂದಿಟ್ಟುಕೊಂಡ, ತಲೆ ಒರಗಿಸಲು ದಿಂಬಿರುವ ಮರದ ಕುರ್ಚಿ. ಯಾರ ಮನೆಗೆ ಹೊರಗಿನವರು ಬಂದರೂ ಈ ಆರೂ ಕುರ್ಚಿಗಳು, ಇಸ್ತ್ರಿಯವನ ಟೇಬಲ್ ಫ್ಯಾನು, ನನ್ನ ಗೋಡೆ ಗಡಿಯಾರ ಮತ್ತು ಆರು ಗಾಜಿನ ಲೋಟ ಹಿತ್ತಿಲ ಓಣಿಯಿಂದ ಆ ಮನೆಗೆ ಹೋಗಿ ಕೂರುವುದು ನಮ್ಮಲ್ಲಿ ಮೊದಲಿನಿಂದ ನಡೆದುಬಂದ ಪದ್ಧತಿ. ಬಂದವರನ್ನು ನೆಲಕ್ಕೆ ಕೂರಿಸಿದರೆ ಮರ್ಯಾದೆ ಹೋಗುವುದು ಒಂದು ಮನೆಯದಲ್ಲ, ಇಡೀ ಗಲ್ಲಿಯದು. ಹೀಗಿರುವಾಗ ತಮ್ಮ ಸಮೀಕ್ಷೆಯ ಮೇಡಂ, ಅಂದರೆ ನಮ್ಮ ಹೆಂಗಸರ ಬಾಯಲ್ಲಿ ಟ್ಯಾಬ್ ಮೇಡಂ, ಒಂದೇ ಮಧ್ಯಾಹ್ನ ಒಂಬತ್ತು ಮನೆ ಅಳೆಯಲು ಬಂದರು.

ಅವರು ಒಂದನೇ ಮನೆಯ ಮುಂಬಾಗಿಲಿನಿಂದ ಹೊರಡುವುದಕ್ಕೂ ಕುರ್ಚಿಗಳು ಹಿಂಬಾಗಿಲಿನಿಂದ ಹೊರಡುವುದಕ್ಕೂ ಸರಿಹೋಯಿತು. ಹೊಸಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಎರಡನೇ ಮನೆಯಲ್ಲಿ ಫ್ಯಾನು ತಿರುಗುತ್ತಿತ್ತು, ಗಡಿಯಾರ ಮೊಳೆಗೆ ನೇತಾಡುತ್ತಿತ್ತು, ಇಸ್ತ್ರಿಯವನು ಏದುಸಿರು ಬಿಡುತ್ತ ನಗುತ್ತಿದ್ದ. ಮೊಣಕಾಲು ನೋವಿನವನಾದ ನನ್ನನ್ನು ಮರದ ಕುರ್ಚಿಯಲ್ಲೇ ಕೂರಿಸಿ ಹೊತ್ತು ತರುತ್ತಿದ್ದರು, ಏಕೆಂದರೆ ದೊಡ್ಡವರೊಬ್ಬರು ಎದುರಿಗಿದ್ದರೆ ಮಾತಿಗೆ ತೂಕ ಎಂದು ಹೆಂಗಸರ ಅಭಿಪ್ರಾಯ. ಹೀಗಾಗಿ ತಮ್ಮ ದಾಖಲೆಯಲ್ಲಿ ಒಂಬತ್ತು ಮನೆಗಳಲ್ಲೂ ಕುಟುಂಬದ ಹಿರಿಯ ನಾನೇ. ಒಂಟಿ ಮುದುಕನಾಗಿ ಮಧ್ಯಾಹ್ನದ ನಿದ್ದೆಯಿಂದ ಎದ್ದವನಿಗೆ ಸಂಜೆಯ ಚಹಾದ ಹೊತ್ತಿಗೆ ಏಳು ಸೊಸೆಯಂದಿರನ್ನೂ ಇಪ್ಪತ್ತಮೂರು ಮೊಮ್ಮಕ್ಕಳನ್ನೂ ಕರುಣಿಸಿದ್ದಕ್ಕೆ ಪ್ರತ್ಯೇಕವಾಗಿ ವಂದಿಸುತ್ತೇನೆ.

ಟ್ಯಾಬ್ ಮೇಡಂ ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರು ಕುರುಡಿಯಲ್ಲ. ನಾಲ್ಕನೇ ಮನೆಯಲ್ಲಿ ಕುರ್ಚಿಯ ತಂತಿಯನ್ನು ಒಂದು ಗಳಿಗೆ ದಿಟ್ಟಿಸಿ, "ಏನಮ್ಮ, ನೀವೆಲ್ಲ ಒಂದೇ ಅಂಗಡೀಲಿ ಕುರ್ಚಿ ತಗೊಂಡಿದೀರಾ?" ಎಂದು ಕೇಳಿದರು. ಇಸ್ತ್ರಿಯವನ ಹೆಂಡತಿ ಎಂದೂ ಸುಳ್ಳು ಹೇಳುವವಳಲ್ಲ. "ಒಂದೇ ಅಂಗಡಿ, ಒಂದೇ ಸಲ ಕಣಮ್ಮ" ಎಂದಳು. ಐದನೇ ಮನೆಯಲ್ಲಿ ನನ್ನನ್ನು ನೋಡಿ, "ಅಜ್ಜ, ನೀವು ಆ ಮನೆಯವರಲ್ವಾ?" ಎಂದರು. "ಹೌದು ತಾಯಿ, ಈ ಮನೆಯವನೂ ಹೌದು" ಎಂದೆ. ಅವರು ಟ್ಯಾಬಿನಲ್ಲಿ ಮೇಲೆ ಕೆಳಗೆ ಹುಡುಕಿದರು. ಕಂಡ ಕುರ್ಚಿ ಎಷ್ಟು ಎಂಬ ಪ್ರಶ್ನೆ ಇತ್ತು, ಅದು ಯಾರದು ಎಂಬ ಪ್ರಶ್ನೆ ಇರಲಿಲ್ಲ. ಒಬ್ಬ ಅಜ್ಜ ಎಷ್ಟು ಮನೆಯಲ್ಲಿ ಇರಬಹುದು ಎಂಬ ಮಿತಿಯೂ ಇರಲಿಲ್ಲ. "ಇದ್ರಲ್ಲಿ ಕೇಳಿದ್ದನ್ನ ಮಾತ್ರ ತುಂಬಿಸ್ಬೇಕು ಅಜ್ಜ, ಜಾಸ್ತಿ ಬರೆದ್ರೆ ಮುಂದಕ್ಕೇ ಹೋಗಲ್ಲ" ಎಂದು ನಿಟ್ಟುಸಿರು ಬಿಟ್ಟು ಒತ್ತಿದರು. ದಿನಕ್ಕೆ ಹದಿನಾಲ್ಕು ಮನೆಯ ಗುರಿ ಅವರ ತಲೆಯ ಮೇಲೂ ಇದೆಯಂತೆ. ಏಳನೇ ಮನೆಯಲ್ಲಿ ಪಾಪ ಅವರೇ ಆಯಾಸವಾಗಿ, ನಾನು ಎದ್ದು ಬಿಟ್ಟುಕೊಟ್ಟ ಕ್ಷೌರದ ಕುರ್ಚಿಯಲ್ಲಿ ಕೂತರು. ಆ ಕುರ್ಚಿಯ ಗುಣವೇ ಹಾಗೆ, ಕೂತವರ ತಲೆ ತಾನಾಗಿ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿಕೊಳ್ಳುತ್ತದೆ. ಹತ್ತು ನಿಮಿಷ ನಾವೆಲ್ಲ ಉಸಿರು ಬಿಗಿಹಿಡಿದು ಕಾದೆವು. ಗಡ್ಡ ಮಾತ್ರ ಬೋಳಿಸಲಿಲ್ಲ.

ಪ್ರಪಂಚದ ದೊಡ್ಡದೊಡ್ಡವರು ಇಷ್ಟು ವರ್ಷ ತಲೆ ಚಚ್ಚಿಕೊಂಡರೂ ಆಗದ ಕೆಲಸವನ್ನು ತಂತಿ ಸುತ್ತಿದ ಕುರ್ಚಿಯೊಂದು ನಾಲ್ಕು ಗಂಟೆಯೊಳಗೆ ಮಾಡಿ ತೋರಿಸಿದ್ದನ್ನು ಗುರುತಿಸಿದವರು ತಾವೊಬ್ಬರೇ. ಕಳೆದ ವಾರ ತಮ್ಮ ಕಚೇರಿಗೆ ಬಂದಿದ್ದಾಗ ಗೋಡೆಯ ಮೇಲಿನ ನಕ್ಷೆಯನ್ನು ಕಂಡು ಕೈಮುಗಿದೆ. ನಮ್ಮ ಗಲ್ಲಿಯ ಬಾಣ ಎಷ್ಟು ಮೇಲೆ ಹೋಗಿದೆಯೆಂದರೆ ಕಾಗದ ಸಾಲದೆ ಸುಣ್ಣದ ಗೋಡೆಗೆ ಗೆರೆ ಎಳೆದಿದ್ದಾರೆ. ತಮ್ಮ ಗುಮಾಸ್ತರು ನಮ್ಮನ್ನು ಫಲಾನುಭವಿಗಳು ಎಂದು ಕರೆದರು. ತುಂಬಾ ಒಳ್ಳೆಯ ಮಾತು. ಅದನ್ನು ಬಿಡಿಸಿ ಹಂಚಿಕೊಂಡರೆ ಯಾರಿಗೂ ಅನ್ಯಾಯವಿಲ್ಲ: ಫಲ ತಮ್ಮ ಗೋಡೆಗೆ, ಅನುಭವ ನಮ್ಮ ಗಲ್ಲಿಗೆ.

ಆ ಅನುಭವದ ಒಂದು ತುಣುಕನ್ನು ತಮ್ಮ ಗಮನಕ್ಕೆ ತರುತ್ತೇನೆ. ಒಂಬತ್ತನೇ ಮನೆಯಲ್ಲಿ ದರ್ಜಿ ಕೆಲಸದ ಹೆಣ್ಣುಮಗಳೊಬ್ಬಳಿದ್ದಾಳೆ. ಅಂಗಿಯಲ್ಲಿ ಗುಂಡಿ ತೂರಿಸುವ ತೂತಿಗೆ ದರ್ಜಿಗಳು ಕಾಜ ಎನ್ನುತ್ತಾರೆ. ಊರಿನ ಅರ್ಧ ಅಂಗಡಿಗಳ ಅಂಗಿಗಳಿಗೆ ಕೈಯಲ್ಲೇ ಕಾಜ ಹೊಲಿದು ಕೊಡುವುದರಿಂದ ಅವಳಿಗೆ ಕಾಜಕ್ಕ ಎಂದೇ ಹೆಸರು. ಒಂದು ಕಾಜಕ್ಕೆ ಅವಳಿಗೆ ಆರು ನಿಮಿಷ, ಮಶೀನಿಗೆ ಆರು ಸೆಕೆಂಡು. ಶಾಲೆಯ ಸಮವಸ್ತ್ರ ಮಾಡಿಸುವ ಅಂಗಡಿಯವರು ನಾನೂರು ಅಂಗಿಗಳ ಕಾಜದ ಕೆಲಸವನ್ನು ಅವಳಿಗೇ ಕೊಡುತ್ತೇವೆ, ಆದರೆ ಈ ತಿಂಗಳ ಕೊನೆಯೊಳಗೆ ಕಾಜದ ಮಶೀನು ತಂದು ತೋರಿಸು ಎಂದಿದ್ದಾರೆ. ಮಶೀನಿಗೆಂದು ತಮ್ಮ ಒಕ್ಕೂಟಕ್ಕೆ ಅರ್ಜಿ ಹಾಕಿದಳು. ಅಭಿನಂದನಾ ಪತ್ರ ಬಂದ ಮೂರನೇ ದಿನ ಅದಕ್ಕೂ ಉತ್ತರ ಬಂತು: ಈ ಯೋಜನೆ ಬಡ ಕುಟುಂಬಗಳಿಗೆ ಮಾತ್ರ, ತಾವು ಎಪ್ಪತ್ತೊಂದು ಅಂಕ ಪಡೆದು ಬಡತನ ದಾಟಿರುವುದರಿಂದ ಬ್ಯಾಂಕಿಗೆ ಹೋಗಬಹುದು. ಬ್ಯಾಂಕಿನವರು ಕೆಲಸ ಕೊಡುತ್ತೇವೆಂಬ ಅಂಗಡಿಯವರ ಪತ್ರ ಎಲ್ಲಿ ಎಂದರು. ಅವಳು ತಮ್ಮ ಅಭಿನಂದನಾ ಪತ್ರ ತೋರಿಸಿದಳು. ಅವರು ಅದರ ಕಾಗದವನ್ನು ಬೆರಳಲ್ಲಿ ಉಜ್ಜಿ ನೋಡಿ, "ಪ್ರಿಂಟ್ ಚೆನ್ನಾಗಿದೆ" ಎಂದು ವಾಪಸು ಕೊಟ್ಟರು.

ತಮ್ಮ ಪತ್ರದಲ್ಲಿದ್ದ ಸೂಚ್ಯಂಕ ಎಂದರೆ ಸೂಜಿಗೆ ಕೊಡುವ ಅಂಕ ಎಂದು ನಾನು ಅವಳನ್ನು ನಗಿಸಲು ನೋಡಿದೆ. ನಗಲಿಲ್ಲ. ತಿಂಗಳು ಮುಗಿಯಲು ಇನ್ನು ಹನ್ನೊಂದು ದಿನ ಇದೆ.

ಆದ್ದರಿಂದ ಕೆಳಗಿನ ಸಣ್ಣಪುಟ್ಟ ಬೇಡಿಕೆಗಳನ್ನು ತಾವು ದೊಡ್ಡ ಮನಸ್ಸಿನಿಂದ ಈಡೇರಿಸಬೇಕು. ಬಡತನದ ಗೆರೆಯನ್ನು ನಮ್ಮ ಗಲ್ಲಿಯಲ್ಲಿ ಸುಣ್ಣದಿಂದ ಎಳೆಸಿಕೊಡಬೇಕು, ಏಕೆಂದರೆ ನಾವು ಅದನ್ನು ದಾಟಿದ್ದು ಎಲ್ಲಿ ಎಂದು ಯಾರಿಗೂ ನೆನಪಿಲ್ಲ, ಕತ್ತಲಲ್ಲಿ ಎಡವಿ ವಾಪಸು ಈಚೆಗೆ ಬಿದ್ದರೆ ತಮ್ಮ ಬಾಣಕ್ಕೆ ಪೆಟ್ಟಾಗುತ್ತದೆ. ನಮ್ಮ ಆರೂ ಕುರ್ಚಿಗಳನ್ನು ಕ್ಷೇತ್ರಾಧಿಕಾರಿಗಳನ್ನಾಗಿ ನೇಮಿಸಿ ಒಂದು ಲಾರಿ ಕೊಟ್ಟರೆ ಮಿಕ್ಕ ಹನ್ನೊಂದು ಸಾವಿರದ ಒಂಬೈನೂರ ತೊಂಬತ್ತೊಂದು ಕುಟುಂಬಗಳನ್ನೂ ಅವು ಗಡುವಿಗೆ ಮುಂಚೆ ದಾಟಿಸಿಬಿಡುತ್ತವೆ. ಲಾರಿಯಲ್ಲಿ ನನಗೊಂದು ಜಾಗ ಇರಲಿ, ಅಷ್ಟೂ ಕುಟುಂಬಗಳಿಗೆ ಹಿರಿಯನೊಬ್ಬ ಬೇಕಲ್ಲ. ತಮ್ಮ ಕಚೇರಿಯನ್ನೂ ಒಮ್ಮೆ ಅಳೆಸಬೇಕು. ನಾನು ಬಂದ ದಿನ ನಲವತ್ತು ಕುರ್ಚಿಗಳೂ ಏಳು ಜನರೂ ಇದ್ದರು, ಆ ಲೆಕ್ಕದಲ್ಲಿ ತಾವು ಬಡತನವನ್ನು ಐದಾರು ಸಲ ದಾಟಿ ಈಗ ಆಚೆ ಊರು ತಲುಪಿರಬೇಕು. ಇದ್ಯಾವುದೂ ಆಗದಿದ್ದರೆ ನಮ್ಮ ಒಂಬತ್ತು ಮನೆಗಳ ಬಡತನವನ್ನು ತೆಗೆದುಕೊಂಡು ಹೋದ ಸ್ಥಿತಿಯಲ್ಲೇ, ಏನೂ ಮುಕ್ಕಾಗದಂತೆ, ರಸೀದಿ ಸಮೇತ ಹಿಂದಿರುಗಿಸಬೇಕು.

ಅದೂ ಕಷ್ಟವಾದರೆ ಒಂದೇ ಒಂದು ಮಾಡಿ. ಟ್ಯಾಬ್ ಮೇಡಂ ಅವರನ್ನು ನಮಗೆ ಮುಂಚಿತವಾಗಿ ತಿಳಿಸದೆ ಒಂಬತ್ತನೇ ಮನೆಗೆ ಮಾತ್ರ ಇನ್ನೊಮ್ಮೆ ಕಳಿಸಿ. ಅಲ್ಲಿ ಕೂರಲು ಹೊಲಿಗೆ ಮಶೀನಿನ ಸ್ಟೂಲು ಇದೆ. ಅದು ಅವಳದೇ.

ತಮ್ಮ ಬಾಣ ಹೀಗೆಯೇ ಏರುತ್ತಿರಲಿ, ಸೂರು ಮಾತ್ರ ತೂತಾಗದಿರಲಿ ಎಂದು ಒಂಬತ್ತು ಮನೆಗಳ ಪರವಾಗಿ ಹಾರೈಸುವ,

ತಮ್ಮ ವಿಶ್ವಾಸಿ,
ಒಂಬತ್ತು ಕುಟುಂಬಗಳ ಏಕೈಕ ಹಿರಿಯ
(ಗಲ್ಲಿಯಲ್ಲಿ 'ತರಲೆ ತಾತ' ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ)

ಮರೆತ ಮಾತು: ಪತ್ರವನ್ನು ಅಂಟಿಸುವ ಮುಂಚೆ ಕಾಜಕ್ಕನ ಅಂಕಪಟ್ಟಿಯನ್ನು ಮತ್ತೊಮ್ಮೆ ಕೂಡಿ ನೋಡಿದೆ. ಆರು ಕುರ್ಚಿ, ಫ್ಯಾನು, ಗಡಿಯಾರ ಎಲ್ಲವನ್ನೂ ಸೇರಿಸಿದರೂ ಅವಳಿಗೆ ಅರವತ್ತಾರೇ ಆಗುತ್ತದೆ. ಅವಳ ಸೂರು ಅಷ್ಟು ಸೋರುತ್ತದೆ. ಅವಳನ್ನು ದಾಟಿಸಿದ್ದು ಬೇರೆ ಐದು ಅಂಕ, ತಮ್ಮ ಹತ್ತನೇ ಪ್ರಶ್ನೆಯದು: ಕಳೆದ ಒಂದು ವರ್ಷದಲ್ಲಿ ಮನೆಯಲ್ಲಿ ಅಡುಗೆ ಸಾಲದೆ ದೊಡ್ಡವರು ಯಾರಾದರೂ ಊಟ ಬಿಟ್ಟದ್ದುಂಟೇ? ಟ್ಯಾಬ್ ಮೇಡಂ ಇದನ್ನು ಕೇಳಿದಾಗ ಕಾಜಕ್ಕ, "ಅದು... ಹೋದ ಬೇಸಿಗೇಲಿ ಸ್ವಲ್ಪ ದಿನ..." ಎಂದು ಬಾಯಿ ತೆರೆದಳು. ಹೋದ ಬೇಸಿಗೆಯಲ್ಲಿ ನನಗೆ ಮೊಣಕಾಲು ಏಳಲಾಗದಷ್ಟು ಊದಿತ್ತು, ದಿನಾ ಸಂಜೆ ಅವಳ ಮನೆಯಿಂದ ಮುಚ್ಚಿದ ತಟ್ಟೆಯೊಂದು ಬರುತ್ತಿತ್ತು, "ಜಾಸ್ತಿ ಆಗೋಯ್ತು ತಾತ, ನಾಳೆಗೆ ಹಳಸತ್ತೆ" ಎಂಬ ಮಾತಿನೊಂದಿಗೆ. ನಾನು ಪೂರ್ತಿ ತಿಂದು, ಉಪ್ಪು ಕಮ್ಮಿ ಎಂದು ಖಾಲಿ ತಟ್ಟೆ ಹಿಂದಿರುಗಿಸುತ್ತಿದ್ದೆ. ಅವಳು ಬಾಯಿ ತೆರೆದ ಆ ಗಳಿಗೆಯಲ್ಲಿ ನನಗೆ ಆ ತಟ್ಟೆಯ ಊಟ ಯಾರ ಪಾಲಿನದೆಂದು ಗೊತ್ತಾಯಿತು, ಮಿಕ್ಕದ್ದನ್ನು ಕೇಳುವ ಧೈರ್ಯ ಆಗಲಿಲ್ಲ. ಕ್ಷೌರದ ಕುರ್ಚಿಯಿಂದಲೇ, "ಊಟ ಬಿಟ್ಟಿರ್ತಾಳೆ ಬಿಡಮ್ಮ, ಅವಳು ಮಾಡಿದ ಅಡುಗೇನ ಅವಳೇ ತಿನ್ಬೇಕಲ್ಲ" ಎಂದೆ. ಮನೆಯೆಲ್ಲ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳು. ನಗುತ್ತ ನಗುತ್ತ ಟ್ಯಾಬ್ ಮೇಡಂ 'ಇಲ್ಲ' ಎಂದು ಒತ್ತಿದರು.

ಮೇಲೆ ಬರೆದ ದೂರಿನಲ್ಲಿ ಕುರ್ಚಿಗಳ ಮೇಲೆ ಹೊರಿಸಿದ ತಪ್ಪನ್ನು ಒಂಬತ್ತನೇ ಮನೆಯ ಮಟ್ಟಿಗೆ ಹಿಂತೆಗೆದುಕೊಳ್ಳುತ್ತೇನೆ. ಅದನ್ನು ಮಾಡಿದವನು ನಾನು. ಮುಂದಿನ ಸಲ ತಮ್ಮ ಫಾರಂನಲ್ಲಿ ಹನ್ನೊಂದನೇ ಪ್ರಶ್ನೆಯೊಂದನ್ನು ಸೇರಿಸಿಕೊಳ್ಳಿ: ಉತ್ತರ ಹೇಳುವಾಗ ಕೋಣೆಯಲ್ಲಿ ಮುದುಕನೊಬ್ಬ ಕೂತಿದ್ದಾನೆಯೇ? ಇದ್ದರೆ ಮೊದಲು ಅವನನ್ನು ಕುರ್ಚಿ ಸಮೇತ ಎತ್ತಿ ಹೊರಗಿಟ್ಟು ಬನ್ನಿ.