ರಾಗಿ ಡಬ್ಬ ನಿಲ್ಲದ ಬಾಗ್ಲು

"ಲೇ ಲೋಕ, ನಮ್ಮನೆ ಬಾಗ್ಲು ನಿನ್ ಕಣ್ಣಿಗೆ ಕಾಣಲ್ವೇನ್ಲಾ?" ಅಂತ ಸಾಕಮ್ಮ ಹಿಂದಿಂದ ಬಂದು ನನ್ನ ಅಂಗಿ ಹಿಡಿದು ಎಳೆದ್ಲು. ಗುಂಡಿ ಕಿತ್ತೋಯ್ತು. ಕೈಲಿದ್ದ ಡಬ್ಬ ವಾಲಿ ಅರ್ಧ ಸೇರು ರಾಗಿ ಬೀದಿ ಮಣ್ಣಿಗೆ ಬಿತ್ತು. ಎಲ್ಲಿದ್ದವೋ ಕೋಳಿಗಳು, ನಾಕು ಬಂದೇ ಬಿಟ್ವು. ಬೀದಿ ಹೆಂಗಸ್ರೆಲ್ಲ ಹೊರಗೆ ಬಂದು ನಿಂತ್ರು. ಕೋಳಿ ಓಡಿಸೋಕೆ ಮಾತ್ರ ಒಬ್ರೂ ಬರಲಿಲ್ಲ. ನಾನು "ನಿನ್ ಒಳ್ಳೇದಕ್ಕೇ ಬಿಟ್ಟಿದ್ದು ಕಣಕ್ಕ. ನಿಮ್ಮನೇಲೇ ರಾಗಿ ಇಲ್ಲ, ಇನ್ನು ಡಬ್ಬಕ್ಕೆ ಏನ್ ಹಾಕ್ತೀಯ?" ಅಂದೆ. ಅಷ್ಟು ಜನದ ಮುಂದೆ. ಅಂದ ಮೇಲೆ ಹೆಂಗಸ್ರು ಒಬ್ಬೊಬ್ರೇ ಒಳಕ್ಕೆ ಹೋದ್ರು, ಕೋಳಿ ಮಾತ್ರ ಕುಕ್ತಾನೇ ಇದ್ವು. ನನ್ ಬಾಯೇ ಹಂಗೆ. ನಾಕನೇ ಕ್ಲಾಸಿಗೆ ಇಸ್ಕೂಲು ಬಿಟ್ಟೋನು ನಾನು. ಮಾತಿಗೆ ಬೆಲ್ಲ ಸವರೋದನ್ನ ಐದನೇ ಕ್ಲಾಸಲ್ಲಿ ಹೇಳ್ಕೊಡ್ತಾರೇನೋ, ನಂಗೆ ಬರಲ್ಲ.

ಡಬ್ಬದ ವಿಷಯ ಹೇಳ್ತೀನಿ. ಕಿಬ್ಬನಹಳ್ಳಿಯಿಂದ ಒಳಕ್ಕೆ ನಡೆದ್ರೆ ನಮ್ಮೂರು. ತೆಂಗಿಗೆ ನುಸಿ ಬಿದ್ದ ಕಾಲ ಅದು. ಕಾಯಿ ಮುಷ್ಟಿ ಗಾತ್ರ, ಮಟ್ಟೆ ಮಾತ್ರ ಕಾಯಿಗೆ ಬಿಡಿಸಲಾಗದಂಗೆ ಅಂಟ್ಕಂಡಿರೋದು. ನಾನು ಕಾಯಿ ಸುಲಿಯೋನು. ಮುಂಚೆ ದಿನಕ್ಕೆ ಸಾವಿರ ಸುಲೀತಿದ್ದೋನು ಈಗ ನಾನೂರಕ್ಕೇ ಸೊಂಟ ಹಿಡ್ಕಂಡು ಕೂರ್ತಿದ್ದೆ. ಸುಲಿಯೋಕೆ ಕಾಯೂ ಬರ್ತಿರಲಿಲ್ಲ ಅನ್ನಿ. ಕೂಲಿ ಮನೆಗಳಲ್ಲಿ ಹಿಟ್ಟಿಗೇ ತತ್ವಾರ ಆಯ್ತು. ಆವಾಗ ದಾಕ್ಷಾಯಣಮ್ಮ ಅಂತ, ಕೊಬ್ಬರಿ ಯಾಪಾರದ ಮನೆಯೋರು, ನಮ್ಮೂರ ಹೆಂಗಸರ ಸಂಘಕ್ಕೆ ಅವರೇ ದೊಡ್ಡೋರು, ಒಂದು ದಾರಿ ಮಾಡಿದ್ರು. ದಿನಾ ಬೆಳಿಗ್ಗೆ ಮನೆಗೊಂದು ಹಿಡಿ ರಾಗಿ ಎತ್ತೋದು. ಶನಿವಾರ ಶನಿವಾರ ಇಲ್ಲದ ಮನೆಯೋರಿಗೆ ತಮ್ಮ ಕೊಟ್ಟಿಗೆ ಬಾಗ್ಲಿಂದ ಅಳೆದು ಕೊಡೋದು, ಯಾರಿಗೂ ಕಾಣದಂಗೆ. ರಾಗಿ ಎತ್ತೋಕೆ ನನ್ನ ಕರೆದ್ರು. "ಹೆಂಗಸ್ರು ಹೋದ್ರೆ ಪ್ರತಿ ಬಾಗ್ಲಲ್ಲೂ ಮಾತಿಗೆ ನಿಂತು ಮಧ್ಯಾಹ್ನ ಆಗುತ್ತೆ ಕಣಪ್ಪ. ನಿನ್ ಜೊತೆ ಯಾರೂ ಮಾತಾಡಲ್ಲ, ಬೇಗ ಮುಗಿಯುತ್ತೆ" ಅಂದ್ರು. ಹೊಗಳಿದ್ರೋ ಬೈದ್ರೋ ನಾನು ಕೇಳೋಕೆ ಹೋಗಲಿಲ್ಲ. ಹಳೇ ಎಣ್ಣೆ ಡಬ್ಬಕ್ಕೆ ತಂತಿ ಕಟ್ಕಂಡು ಹೊರಟೆ.

ಒಂದು ತಿಂಗ್ಳು ಡಬ್ಬ ಹೊತ್ರೆ ಊರ ಕೈಯೆಲ್ಲ ಗೊತ್ತಾಗುತ್ತೆ. ಹಿಡಿ ಅಂದ್ರೆ ಎಲ್ಲಾ ಹಿಡೀನೂ ಒಂದೇ ಅಲ್ಲ. ಹೆಂಚಿನ ಮನೆಯೋರು ಬೆರಳು ತುದೀಲಿ ತರೋರು, ಪೂಜೆಗೆ ಅಕ್ಷತೆ ತಂದಂಗೆ. ಒಬ್ಬ ಯಜಮಾನ ಅಂತೂ ಹುಳ ಬಿದ್ದ ರಾಗಿ ಹಾಕಿ "ಹುಳ ತಾನಾಗೇ ಎದ್ದೋಗುತ್ತೆ ಬುಡು" ಅಂದ. ಹೆಂಗೆ ಎದ್ದೋಗುತ್ತೆ, ಅದಕ್ಕೂ ಬೇರೆ ಊರಲ್ಲಿ ಕೂಲಿ ಇಲ್ಲ. ದೊಡ್ಡ ಹಿಡಿ ಬರ್ತಿದ್ದದ್ದು ಗುಡ್ಲು ಕಡೆಯಿಂದ. ಅದ್ರಲ್ಲೂ ಎಲ್ಲಾರಿಗಿಂತ ದೊಡ್ಡ ಹಿಡಿ ಸಾಕಮ್ಮಂದು.

ಸಾಕಮ್ಮನ ಗಂಡ ರಂಗಪ್ಪ ತೆಂಗಿನ ಮರದಿಂದ ಬಿದ್ದು ಸೊಂಟ ಮುರ್ಕಂಡು ಜಗಲಿ ಮೇಲೆ ಮಲಗಿದ್ದ. ಎರಡು ಮಕ್ಳು. ಅವಳೊಬ್ಬಳ ಕೂಲಿ. ಪ್ರತಿ ಶನಿವಾರ ಕೊಟ್ಟಿಗೆ ಬಾಗ್ಲಿಂದ ನಾಕು ಸೇರು ಅವಳಿಗೇ ಹೋಗ್ತಿತ್ತು. ಮೂಟೆ ಎತ್ತಿ ಕೊಡೋನು ನಾನೇ, ನಂಗೆ ಗೊತ್ತಿಲ್ದೆ ಇರುತ್ತಾ? ಆ ನಾಕು ಸೇರಲ್ಲೇ ದಿನಾ ಒಂದು ಹಿಡಿ ತಂದು ಡಬ್ಬಕ್ಕೆ ಹಾಕೋಳು, ಬೀದಿಯೆಲ್ಲ ನೋಡ್ಲಿ ಅಂತ ಕೈ ಎತ್ತರಕ್ಕೆ ಹಿಡಿದು. ನಂಗೆ ತಲೆ ಕೆಡ್ತು. ಈ ಬಾಗ್ಲಲ್ಲಿ ಕೊಟ್ಟು ಆ ಬಾಗ್ಲಲ್ಲಿ ಈಸ್ಕೊಳೋದು ಯಾವ ಸೀಮೆ ಲೆಕ್ಕ? ಮಕ್ಳಾದ್ರೂ ತಿನ್ಲಿ ಅಂತ ಅವತ್ತು ಅವಳ ಬಾಗ್ಲು ಬಿಟ್ಟು ಮುಂದಿನ ಮನೆಗೆ ಹೋದೆ. ಜಗಲೀಲಿ ಮಲಗಿದ್ದ ರಂಗಪ್ಪ "ಡಬ್ಬ ಹೋಯ್ತು ಕಣೇ" ಅಂತ ಒಳಕ್ಕೆ ಕೂಗಿದ್ದು ಕೇಳಿಸ್ತು. ಆಮೇಲೆ ನನ್ನ ಗುಂಡಿ ಕಿತ್ತೋಗಿದ್ದು ನಿಮಗೆ ಗೊತ್ತೇ ಐತೆ.

ಆ ಶನಿವಾರ ಸಾಕಮ್ಮ ಬರಲಿಲ್ಲ. ಅದರ ಮುಂದಿನ ಶನಿವಾರಾನೂ ಇಲ್ಲ. ನಾನೇ ಟವಲ್ಲಲ್ಲಿ ನಾಕು ಸೇರು ಕಟ್ಕಂಡು ಹೋದೆ. ಅವಳು ಕೂಲಿಗೆ ಹೋಗಿದ್ಲು. ಚಿಕ್ಕ ಹುಡ್ಗಿ ಬಾಗ್ಲಲ್ಲಿ ಕೂತು ಕಾಯಿ ಚೂರು ಕಡೀತಿತ್ತು.

"ಮಕ್ಳು ಊಟ ಮಾಡಿದ್ವಾ?" ಅಂದೆ.

"ಮೊನ್ನೆ ಮಾಡಿದ್ವು" ಅಂದ ರಂಗಪ್ಪ. "ಈಗ ಕಾಯಿ ಚೂರೇ. ಕೂಲಿಗೆ ಹೋದ ಕಡೆಯಿಂದ ಅವ್ಳು ಮಡ್ಲಲ್ಲಿ ತತ್ತಾಳೆ. ತಿಂದು ತಿಂದು ಎರಡಕ್ಕೂ ಭೇದಿ ಹತ್ಕಂಡೈತೆ."

"ರಾಗಿ ತಂದಿವ್ನಿ. ಎಲ್ಲಿಡ್ಲಿ?"

"ತಗಂಡೋಗಪ್ಪ. ಅವ್ಳು ಬಂದ್ರೆ ನಿನಗೆ ಬೈಯಲ್ಲ, ನನಗೆ ಬೈತಾಳೆ. ನಾನು ಎದ್ದೋಗೋ ಹಂಗೂ ಇಲ್ಲ."

ನಗೋಣ ಅಂತ ನೋಡ್ದೆ, ಆಗಲಿಲ್ಲ. ಟವಲ್ಲು ವಾಪಸ್ ಹೊತ್ಕಂಡು ಬಂದು ದಾಕ್ಷಾಯಣಮ್ಮನ ಮುಂದೆ ಎಲ್ಲಾ ಹೇಳ್ದೆ. ಅವರು ಟವಲ್ಲು ಬಿಚ್ಚಿ ರಾಗೀನ ಮೂಟೆಗೆ ವಾಪಸ್ ಸುರಿದ್ರು. ಆಮೇಲೆ "ಡಬ್ಬ ತಂದು ಇಲ್ಲಿಡು" ಅಂದ್ರು. ತಂದಿಟ್ಟೆ. "ಇನ್ಮೇಲೆ ಸಾಕಮ್ಮ ಎತ್ತಲಿ, ಶನಿವಾರ ಅವಳೇ ಅಳೀಲಿ. ವಾರಕ್ಕೆ ನಾಕು ಸೇರು ಅವಳ ಕೂಲಿ. ಕೂಲಿ ಅಂದ್ರೆ ತಗೋತಾಳೆ." ನಾನು "ಅದೇ ನಾಕು ಸೇರು ತಾನೇ?" ಅಂದೆ. "ಅದು ನಿನಗೆ ತಿಳಿಯಲ್ಲ, ಹೋಗು" ಅಂದ್ರು.

ಸಾಕಮ್ಮ ತಗೊಂಡ್ಲು. ಅವಳ ಮನೇಲಿ ಮುದ್ದೆ ಬೇಯ್ತು, ಮಕ್ಳ ಹೊಟ್ಟೆ ಸರಿ ಹೋಯ್ತು. ಈಗ ದಿನಾ ಬೆಳಿಗ್ಗೆ ಸೆರಗು ಸಿಗಿಸ್ಕಂಡು ಡಬ್ಬ ಹಿಡಿದು ಬತ್ತಾಳೆ. ಬೆರಳು ತುದೀಲಿ ತರೋರ ಮುಂದೆ ಡಬ್ಬ ಹಿಡ್ಕಂಡು ಸುಮ್ನೆ ನಿಲ್ತಾಳೆ, ಅವರೇ ಒಳಗೋಗಿ ಇನ್ನಷ್ಟು ತರ್ತಾರೆ. ಹುಳದ ಯಜಮಾನನ ಮನೆ ರಾಗಿ ಅಲ್ಲೇ ಅವನ ಅಂಗಳಕ್ಕೆ ಸುರೀತಾಳೆ. ನನ್ ಕಾಲದಲ್ಲಿ ಅರ್ಧ ಆಗ್ತಿದ್ದ ಡಬ್ಬ ಈಗ ತುಂಬ್ತೈತೆ. ಎಲ್ಲಾ ಬಾಗ್ಲಿಗೂ ನಿಲ್ತಾಳೆ. ನಮ್ಮನೆ ಮುಂದೆ ಮಾತ್ರ ನಿಲ್ಲಲ್ಲ. ತಲೆ ಎತ್ತಲ್ಲ, ಹೆಜ್ಜೆ ಜೋರು ಮಾಡಲ್ಲ, ಅಲ್ಲೊಂದು ಮನೆ ಇಲ್ವೇ ಇಲ್ಲ ಅನ್ನಂಗೆ ಹೋಗ್ತಾಳೆ.

ಎದುರು ಮನೆಯೋಳು ನಮ್ಮವ್ವನ್ನ "ಏನ್ ಕಣೇ, ನಿಮ್ಮನೇಲೂ ರಾಗಿ ಮುಗೀತಾ?" ಅಂತ ಕೇಳಿದ್ಲು. ಅವತ್ತು ನಮ್ಮವ್ವ ನನಗೆ ಮುದ್ದೆ ಇಕ್ಕಿ ಸಾರು ಬಿಡಲಿಲ್ಲ. "ನಿನ್ ನಾಲ್ಗೆ ನೆಂಚ್ಕಂಡು ತಿನ್ನು" ಅಂದ್ಲು. ಸಾಕಮ್ಮನ ಹತ್ರ ಹೋಗಿ ತಪ್ಪಾಯ್ತು ಅನ್ನೋಣ ಅಂತ ಎರಡು ಸಲ ಅವಳ ಮನೆ ತಿರುವಿನವರೆಗೂ ಹೋಗಿ ಬಂದೆ. ಈ ಬಾಯಲ್ಲಿ ತಪ್ಪಾಯ್ತು ಅನ್ನೋಕೆ ಹೋದ್ರೆ ಇನ್ನೇನು ಬೀಳುತ್ತೋ ಅಂತ ನನಗೇ ಭಯ.

ಇವತ್ತು ಬೆಳಿಗ್ಗೇನೂ ನಮ್ಮವ್ವ ಹಿಡಿ ತುಂಬ ರಾಗಿ ಇಟ್ಕಂಡು ಬಾಗ್ಲಲ್ಲಿ ನಿಂತಿದ್ಲು. ಡಬ್ಬ ಹೋಯ್ತು. ಒಳಗೆ ಬಂದು ಮಡಕೆಗೆ ವಾಪಸ್ ಸುರಿದ್ಲು. ಸುರಿದಾಗ ಮಡಕೆ ತಳದ ಸದ್ದು ಬಂತು. ನನಗೆ ಹದಿನೈದು ದಿನದಿಂದ ಕೆಲಸ ಇಲ್ಲ. ನಾಳೆ ಶನಿವಾರ. ಕೊಟ್ಟಿಗೆ ಬಾಗ್ಲಲ್ಲಿ ಸೇರು ಹಿಡಿದು ನಿಲ್ಲೋಳು ಸಾಕಮ್ಮ. ಅವಳ ಮುಂದೆ ಕೈ ಒಡ್ಡೋಕೆ ನಾನು ಹೋಗಲ್ಲ. ಅಷ್ಟೇ, ಇನ್ನು ಹೇಳೋಕೆ ನನ್ ಹತ್ರ ಏನೂ ಇಲ್ಲ.