ಹತ್ತು ಆಕಾರ, ಇಬ್ಬರು ಸವತಿಯರು

ಮೊಮ್ಮಗಳಿಗೆ ನಮ್ಮ ಯೊರೂಬಾ ಮಾತಿನಲ್ಲಿ ಆಕಾರಗಳ ಹೆಸರನ್ನು ಒಂದೇ ವಾರದಲ್ಲಿ ಕಲಿಸಿಬಿಡುತ್ತೇನೆ ಎಂದು ಸೊಸೆಗೆ ಮಾತು ಕೊಟ್ಟೆ. ಯಾರೂ ಕೇಳಿರಲಿಲ್ಲ. ನಾನೇ ಕೊಟ್ಟೆ.

ಕೊಡದೆ ಏನು? ಮೂವತ್ತೆಂಟು ವರ್ಷದಿಂದ ಆಕಾರ ಬರೆದೇ ಹೊಟ್ಟೆ ಹೊರೆದವಳು ನಾನು. ಅಬೆಯೊಕುಟ ಊರಿನ ನಮ್ಮ ಕೇರಿಯ ಹೆಂಗಸರೆಲ್ಲ ಇದೇ ಕೆಲಸದವರು. ಮರಗೆಣಸಿನ ಹಿಟ್ಟಿನಿಂದ ಅಂಟು ಕಾಯಿಸುತ್ತೇವೆ. ಕೋಳಿಪುಕ್ಕವನ್ನು ಅದರಲ್ಲಿ ಅದ್ದಿ ಬಿಳಿ ಬಟ್ಟೆಯ ಮೇಲೆ ಚಿತ್ರ ಬರೆಯುತ್ತೇವೆ. ಒಣಗಿದ ಮೇಲೆ ನೀಲಿಯ ಮಡಕೆಯಲ್ಲಿ ಮುಳುಗಿಸುತ್ತೇವೆ. ಅಂಟು ಇದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ಕೆರೆದು ತೆಗೆದರೆ ನೀಲಿಯ ನಡುವೆ ಬಿಳಿ ಚಿತ್ರ ಉಳಿಯುತ್ತದೆ. ಅಷ್ಟೇ ವಿದ್ಯೆ. ಶಾಲೆಯಲ್ಲಿ ನಾನು ಎರಡನೇ ತರಗತಿ ದಾಟಲಿಲ್ಲ. ಆದರೆ ಪುಕ್ಕ ಕೈಗೆ ಬಂದರೆ ಕಣ್ಣು ಮುಚ್ಚಿಕೊಂಡು ದುಂಡಗೆ ತಿರುಗಿಸುತ್ತೇನೆ. ಹೆಡ್ಮಾಸ್ತರರಿಗೆ ಆಗುತ್ತದೆಯೇ, ಕೇಳಿ ನೋಡಿ.

ಕಲಿಯಬೇಕಾದವಳಿಗೆ ಏಳು ವರ್ಷ. ಶಾಲೆಯಲ್ಲಿ ಅವಳು ನಾದಿಯಾ. ನನಗೆ ಅಬೇಕೆ. ಅದು ಹೊಗಳಿ ಮುದ್ದು ಮಾಡಲು ಇಟ್ಟ ಹೆಸರು. ಲೇಗೋಸಿನಲ್ಲಿ ಬೆಳೆದ ಮಗು, ಬಾಯಿ ಬಿಟ್ಟರೆ ಇಂಗ್ಲಿಷು. ನಮ್ಮ ಮಾತಿನಲ್ಲಿ ಅವಳಿಗೆ ಬರುತ್ತಿದ್ದದ್ದು ಮೂರೇ: ಬಾ, ಬೇಡ, ನೀರು. ಡಿಸೆಂಬರ್ ರಜೆಗೆ ಶಾಲೆಯವರು ಒಂದು ಹಾಳೆ ಕೊಟ್ಟಿದ್ದರು. ಅದರಲ್ಲಿ ಹತ್ತು ಆಕಾರಗಳ ಚಿತ್ರ. ಹೆಸರು ಇಲ್ಲ. ಹೆಸರನ್ನು ಮನೆಯ ಹಿರಿಯರಿಂದ ಕಲಿತು ಬರಬೇಕಂತೆ.

ಸೊಸೆ ಮೊರೂಫತ್ ಕೆಟ್ಟವಳಲ್ಲ. ಜೀನ್ಸ್ ಪ್ಯಾಂಟಿನಲ್ಲಿಯೇ ಮಂಡಿಯೂರಿ ನಮಸ್ಕರಿಸಿದಳು. ಎದ್ದು ಧೂಳು ಕೊಡವಿಕೊಂಡು, ಹೇಳುವುದನ್ನು ನೇರವಾಗಿ ಹೇಳಿದಳು.

"ಅತ್ತೆ, ಈ ಸಲ ಇಷ್ಟಾದ್ರೂ ಕಲಿತು ಬರ್ಲಿ. ಇಲ್ಲಾಂದ್ರೆ ಏಪ್ರಿಲ್ ರಜೆಗೆ ಇಲ್ಲಿಗೆ ಕಳ್ಸಲ್ಲ. ಅಲ್ಲೇ ಟ್ಯೂಷನ್‌ಗೆ ಹಾಕ್ತೀನಿ."

ಮನೆಯವರು ತೀರಿಕೊಂಡು ಹತ್ತು ತಿಂಗಳಾಗಿತ್ತು. ಬೆಳಿಗ್ಗೆ ಎದ್ದು ಮೂರು ಬಟ್ಟಲಿಗೆ ಜೋಳದ ಗಂಜಿ ಬಗ್ಗಿಸಿ, ಒಂದನ್ನು ಪಾತ್ರೆಗೆ ವಾಪಸು ಸುರಿಯುತ್ತಿದ್ದೆ. ದಿನಾ. ಹತ್ತು ತಿಂಗಳಾದರೂ ಕೈ ಕಲಿಯಲಿಲ್ಲ. ನೀಲಿಯ ಮಡಕೆಗೆ ಆವತ್ತು ಮುಚ್ಚಳ ಮುಚ್ಚಿದವಳು ತೆಗೆದಿರಲಿಲ್ಲ. ಈ ಮಗು ಬಂದು ಅಂಗಳದಲ್ಲಿ ಓಡಿದಾಗ ಮನೆಯಲ್ಲಿ ಯಾರೋ ಇದ್ದಾರೆ ಎನ್ನಿಸಿತು. ಏಪ್ರಿಲ್‌ನಲ್ಲಿಯೂ ಹಾಗೆ ಅನ್ನಿಸಬೇಕಿತ್ತು ನನಗೆ. ಅದಕ್ಕೇ ಒಂದು ವಾರ ಸಾಕು ಎಂದೆ. ಎರಡು ವಾರ ಬಿಟ್ಟು ಬರುತ್ತೇವೆ ಎಂದು ಮಗ, ಸೊಸೆ ಹೊರಟರು.

ಕಾರು ತಿರುಗುವ ಮೊದಲೇ ಅಕ್ಕ ನಕ್ಕಳು.

ಅಕ್ಕ ಎಂದರೆ ನನ್ನ ಜೊತೆ ಹುಟ್ಟಿದವಳಲ್ಲ. ಮನೆಯವರ ಹಿರಿಯ ಹೆಂಡತಿ, ಸಿಕಿರುವಿನ ತಾಯಿ. ಕಿರಿಯಳು ನಾನು, ಮುಫುತಾವುವಿನ ತಾಯಿ. ಒಂದೇ ಅಂಗಳ, ಎದುರುಬದುರು ಬಾಗಿಲು. ಅವರು ಇದ್ದಾಗ ದಿನಕ್ಕೆರಡು ಸಲ ಜಗಳ ಆಡುತ್ತಿದ್ದೆವು. ಅವರು ಹೋದ ಮೇಲೆ ಜಗಳಕ್ಕೂ ವಿಷಯ ಸಿಗದೆ ಇಬ್ಬರೂ ಸುಮ್ಮನೆ ಕುಳಿತು ಸುಸ್ತಾಗಿದ್ದೆವು. ಈಗ ವಿಷಯ ಸಿಕ್ಕಿತು.

ಮೊದಲ ದಿನವೇ ಹಾಳೆಯನ್ನು ನೆಲದ ಮೇಲೆ ಹರವಿ, ಗಾಳಿಗೆ ಹಾರದಂತೆ ನಾಲ್ಕು ಕಲ್ಲಿಟ್ಟು ಪಾಠ ಶುರು ಮಾಡಿದೆ. ದುಂಡಗಿದ್ದುದನ್ನು ತೋರಿಸಿ ಚಂದ್ರ ಎಂದೆ. ನಮ್ಮ ಬಟ್ಟೆಗಳಲ್ಲಿ ಪ್ರತಿಯೊಂದು ಗುರುತಿಗೂ ಹೆಸರಿದೆ. ನನಗೆ ನಮ್ಮಮ್ಮ ಹೇಳಿಕೊಟ್ಟದ್ದು, ಅವಳಿಗೆ ಅವಳಮ್ಮ. ದುಂಡಗಿದ್ದರೆ ಚಂದ್ರ. ಚೌಕವಾಗಿದ್ದರೆ ಚಾಪೆ. ಮೇಲೆ ಮೊನೆಯಾಗಿ ಕೆಳಗೆ ಅಗಲವಾಗಿದ್ದರೆ ಹಲ್ಲು. ಮೊಟ್ಟೆಯ ಹಾಗಿದ್ದರೆ ಕವಡೆ. ಮಗು ಚಂದ್ರ, ಚಂದ್ರ ಎಂದು ಗಿಣಿಯ ಹಾಗೆ ಹೇಳಿತು. ನನಗೆ ಹಮ್ಮು ಬಂತು.

ಅಕ್ಕ ಅಲಸಂದೆ ರುಬ್ಬುತ್ತಿದ್ದವಳು ರುಬ್ಬುವುದನ್ನು ನಿಲ್ಲಿಸಿದಳು. ಅದು ಚಂದ್ರ ಅಲ್ಲ, ಡೋಲಿನ ಮುಖ ಎಂದಳು. ಅವಳ ತವರು ನದಿಯ ಆಚೆ ದಡ. ಅಲ್ಲಿಯ ಹೆಂಗಸರು ಹಾಗೆನ್ನುತ್ತಾರೆ.

"ನಿನ್ ಕಣ್ಣಿಗೆ ಬೂದಿ ಬಿದ್ದಿದ್ಯಾ ಅಕ್ಕ? ಡೋಲಿಗೆ ಹಗ್ಗ ಇರುತ್ತೆ. ಇದಕ್ಕೆಲ್ಲಿದೆ ಹಗ್ಗ?"

"ಚಂದ್ರನಿಗೆ ಕಲೆ ಇರುತ್ತೆ. ಇದಕ್ಕೆಲ್ಲಿದೆ ಕಲೆ? ನಿಮ್ಮಮ್ಮ ನಿನಗೇನೂ ಕಲಿಸ್ಲಿಲ್ವಾ?"

ನಮ್ಮಮ್ಮನ ವಿಷಯ ಬಂದ ಮೇಲೆ ಪಾಠ ಮುಂದುವರಿಯಲಿಲ್ಲ. ಕತ್ತಲಾಗುವವರೆಗೆ ಎರಡೂ ಕಡೆಯ ತಾಯಂದಿರು, ಅಜ್ಜಿಯರು, ಅವರ ಮಡಕೆಗಳು, ಆ ಮಡಕೆಗಳ ನೀಲಿ ಎಷ್ಟು ಪೇಲವ ಎಂಬುದೆಲ್ಲ ಬಂದುಹೋಯಿತು. ಮಗು ನಡುವೆ ಕುಳಿತು ಒಬ್ಬೊಬ್ಬರ ಬಾಯಿಯನ್ನೂ ನೋಡುತ್ತಿತ್ತು. ಪಾಪ, ಏನೂ ಅರ್ಥವಾಗುತ್ತಿಲ್ಲ ಎಂದುಕೊಂಡೆ. ರಾತ್ರಿ ಚೆನ್ನಾಗಿ ನಿದ್ದೆ ಬಂತು. ಅಷ್ಟು ಮಾತಾಡಿ ಹತ್ತು ತಿಂಗಳಾಗಿತ್ತು.

ಬಾಯಿಮಾತಿನಲ್ಲಿ ಆಗುವುದಿಲ್ಲ, ಕೈಯಲ್ಲಿ ಬರೆದರೆ ತಲೆಯಲ್ಲಿ ನಿಲ್ಲುತ್ತದೆ ಎಂದು ತೀರ್ಮಾನಿಸಿದೆ. ಮುಚ್ಚಳ ತೆಗೆದೆ. ಮಡಕೆಯ ವಾಸನೆಗೆ ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತೆ. ಬೂದಿ ಸೋಸಿ ನೀರು ತುಂಬಿಸುವ ಕೆಲಸ ಮನೆಯವರದಾಗಿತ್ತು. ನಾನೇ ಮಾಡಿದೆ. ಮಡಕೆ ಹದಕ್ಕೆ ಬರಲು ಐದು ದಿನ ಬೇಕು. ಆ ಐದು ದಿನ ಮಗುವಿನ ಕೈಗೆ ಪುಕ್ಕ ಕೊಟ್ಟೆ. ಹಳೆಯ ಬಿಳಿ ಬಟ್ಟೆಯಲ್ಲಿ ಹತ್ತು ಮನೆ ಗೀರಿ, ಒಂದೊಂದು ಮನೆಗೆ ಒಂದೊಂದು ಆಕಾರ ಬರೆಸಿದೆ.

ಮಗುವಿಗೆ ರುಚಿ ಹತ್ತಿತು. ಬಾಗಿಲಿಗೆ ಬರೆದಳು. ಮೆಟ್ಟಿಲಿಗೆ ಬರೆದಳು. ಕೋಳಿಗೆ ಬರೆಯಲು ಹೋದಾಗ ಕೋಳಿ ಒಪ್ಪಲಿಲ್ಲ. ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆ ಒಪ್ಪಿತು.

ಆರನೆಯ ದಿನ ಸಂಜೆ ಮಡಕೆ ಹದಕ್ಕೆ ಬಂತು. ಹಗ್ಗದ ಮೇಲಿನ ನಮ್ಮ ಬಟ್ಟೆ ತಾ ಮರಿ ಎಂದೆ. ಅವಳು ಮಡಿಸಿದ ಎರಡು ಬಟ್ಟೆ ತಂದಳು. ಕಣ್ಣು ಮಂಜು, ಆದರೆ ನನ್ನ ಬೆರಳು ಇನ್ನೂ ಚುರುಕು. ಮುಟ್ಟಿ ನೋಡಿದೆ. ಎರಡೂ ಬಿರುಸಾಗಿದ್ದವು. ಅಂಟು ಒಣಗಿದ ಬಟ್ಟೆ ಹಾಗೆಯೇ ಇರುತ್ತದೆ. ಬಿರುಸಾಗಿದ್ದರೆ ಅದು ನನ್ನದು. ನಮ್ಮ ಕಸುಬಿನಲ್ಲಿ ಕಣ್ಣಿಗಿಂತ ಬೆರಳನ್ನೇ ನಂಬುವುದು. ಎರಡನ್ನೂ ಮುಳುಗಿಸಿದೆ. ಎತ್ತಿ ಗಾಳಿಗೆ ಹಿಡಿದು ಮತ್ತೆ ಮುಳುಗಿಸಿದೆ. ಒಳ್ಳೆಯ ಗಾಢ ಬಣ್ಣ ಬರಲೆಂದು ಏಳು ಸಲ.

ಬೆಳಿಗ್ಗೆ ಕೆರೆಯಲು ಕುಳಿತಾಗ ಒಂದು ಬಟ್ಟೆಯಲ್ಲಿ ಹತ್ತು ಮನೆ ಕಂಡವು. ಇನ್ನೊಂದು ಉದ್ದ ಆಗುತ್ತಲೇ ಹೋಯಿತು. ಆರು ಮೊಳ. ತುಂಬ ಹಲ್ಲು, ಚಂದ್ರ, ಸೊಟ್ಟ ಚಾಪೆ. ಅಂಚಿನಲ್ಲಿ ಸಣ್ಣ ಬಿಳಿ ಜರಿ ನೀಲಿಯಾಗಿತ್ತು.

ಅದು ಅಕ್ಕನ ಪ್ರಾರ್ಥನೆಯ ಬಟ್ಟೆ. ಮನೆಯವರು ಮೆಕ್ಕಾಕ್ಕೆ ಹೋದಾಗ ಅವಳಿಗೆ ತಂದದ್ದು. ನನಗೆ ಖರ್ಜೂರ ತಂದಿದ್ದರು. ಅದು ಆ ವಾರವೇ ಮುಗಿದಿತ್ತು. ಅವಳ ಬಟ್ಟೆ ಹದಿನಾರು ವರ್ಷ ಬೆಳ್ಳಗೆ ಉಳಿದಿತ್ತು.

ಬಚ್ಚಿಡೋಣ ಎಂದುಕೊಂಡೆ. ಆರು ಮೊಳ ನೀಲಿ ಬಟ್ಟೆಯನ್ನು ಎಲ್ಲಿ ಬಚ್ಚಿಡುವುದು? ಕೈಯೂ ಮೊಣಕೈವರೆಗೆ ನೀಲಿ. ಅಕ್ಕ ಹಿಂದೆ ಬಂದು ನಿಂತಿದ್ದಳು. ನಾನು ಮಂಡಿಯೂರಿದೆ. ಮದುವೆಯಾಗಿ ಬಂದ ವರ್ಷ ಬಿಟ್ಟರೆ ಅವಳ ಮುಂದೆ ಅಷ್ಟು ಬೇಗ ಊರಿದ್ದಿಲ್ಲ. ಮಗುವೂ ಊರಿತು.

ಅವಳು ಬಟ್ಟೆ ಎತ್ತಿ ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು. ಅಳುತ್ತಾಳೆ ಎಂದುಕೊಂಡೆ. ನಾನೂ ತಯಾರಾದೆ.

"ಇವೆಲ್ಲ ಏನು, ದುಂಡಗೆ?" ಎಂದಳು.

"ಚಂದ್ರ, ಅಕ್ಕ."

"ಇದು ನನ್ನ ಬಟ್ಟೆ. ನನ್ನ ಬಟ್ಟೆ ಮೇಲೆ ಇರೋದು ಡೋಲಿನ ಮುಖ."

ನಾನು ಒಪ್ಪಿದೆ. ಏನು ಮಾಡಲಿ? ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಹಾಳೆಯಲ್ಲಿನ ಹತ್ತು ಆಕಾರದಲ್ಲಿ ಐದಕ್ಕೆ ತನ್ನ ತವರಿನ ಹೆಸರೇ ಆಗಬೇಕು ಎಂದಳು. ಹದಿನಾರು ವರ್ಷದ ಬಿಳುಪಿಗೆ ಬದಲಾಗಿ ಐದು ಹೆಸರು. ಪಂಚಾಯಿತಿಯಲ್ಲಿ ಜಮೀನು ಹಂಚಿಕೊಂಡ ಹಾಗೆ ಹಂಚಿಕೊಂಡೆವು. ಚಾಪೆ, ಹಲ್ಲು, ಕವಡೆ, ಬಾಗಿಲು, ಅರ್ಧ ಸೋರೆಬುರುಡೆ ನನಗೆ. ಡೋಲಿನ ಮುಖ, ಕೋಳಿಮರಿಯ ಕಾಲು, ಹಲ್ಲಿಯ ಹೊಟ್ಟೆ, ಆಮೆಯ ಬೆನ್ನು, ಕೂಡುದಾರಿ ಅವಳಿಗೆ. ಉಳಿದ ದಿನಗಳಲ್ಲಿ ಮಗು ಹತ್ತನ್ನೂ ನಿದ್ದೆಯಲ್ಲೂ ಹೇಳುವಂತಾಯಿತು. ಎರಡು ವಾರ ಹಿಡಿಯಿತು, ನಿಜ. ಆದರೆ ಒಂದೂ ತಪ್ಪಿಲ್ಲ.

ಮಗ ಮುಫುತಾವು, ಸೊಸೆ ಬಂದ ದಿನ ಅಕ್ಕ ಆ ನೀಲಿ ಬಟ್ಟೆಯನ್ನೇ ಉಟ್ಟುಕೊಂಡು ಕುಳಿತಳು. ನನ್ನನ್ನು ಚುಚ್ಚಲಿಕ್ಕೆ ಅಂತಲೇ. ಊಟವಾಯಿತು. ಮೊರೂಫತ್ ಫೋನು ತೆಗೆದಳು. ಸರಿಯುತ್ತರಗಳನ್ನು ಟೀಚರು ತಾಯಂದಿರಿಗೆ ಕಳಿಸಿದ್ದರಂತೆ. ಹಾಳೆಯ ಮೇಲೆ ಬೆರಳಿಟ್ಟಳು.

"ಇದು?"

"ಡೋಲಿನ ಮುಖ," ಎಂದಿತು ಮಗು.

ಸೊಸೆ ಫೋನು ನೋಡಿದಳು. "ಅಲ್ಲ. ಒಬಿರಿ. ವೃತ್ತ. ಇದು?"

"ಹಲ್ಲು."

"ಇಗುನ್ ಮೆತಾ. ಮೂರು ಮೂಲೆ. ಇದು?"

"ಚಾಪೆ."

"ಇಗುನ್ ಮೆರಿನ್. ನಾಲ್ಕು ಮೂಲೆ."

ಹೀಗೆ ಹತ್ತೂ ಮುಗಿಯಿತು. ಹತ್ತಕ್ಕೆ ಸೊನ್ನೆ. ನನಗೆ ತಡೆಯಲಾಗಲಿಲ್ಲ.

"ಮೂರು ಮೂಲೆ ಇರೋದಕ್ಕೆ ಮೂರು ಮೂಲೆ ಅಂತ ಹೆಸರಿಡೋಕೆ ಶಾಲೆ ಬೇಕೇನೇ? ನಾಳೆ ಮಗು ಹುಟ್ಟಿದ್ರೆ ಎರಡು ಕಾಲು ಅಂತ ಹೆಸರಿಡ್ತೀಯಾ?"

ಶಾಲೆಯವರು ಕೇಳುವುದು ಇದನ್ನೇ, ನಾನೇನು ಮಾಡಲಿ ಎಂದಳು ಸೊಸೆ. ಏಪ್ರಿಲ್‌ಗೆ ಟ್ಯೂಷನ್ ಎಂದೂ ಹೇಳಿದಳು. ಕೋಪದಿಂದಲ್ಲ, ದಣಿದು ಹೇಳಿದಳು. ಕೋಪದಿಂದ ಹೇಳಿದ್ದರೆ ಜಗಳ ಆಡಬಹುದಿತ್ತು. ನಾನು ಎದ್ದು ಮಗುವಿನ ಬಟ್ಟೆ ಚೀಲಕ್ಕೆ ತುಂಬತೊಡಗಿದೆ.

ಆಗ ಅಬೇಕೆ ಸೊಂಟದ ಮೇಲೆ ಕೈಯಿಟ್ಟುಕೊಂಡಳು. ಇಂಗ್ಲಿಷಿನಲ್ಲಿ ಅಲ್ಲ, ನಮ್ಮ ಮಾತಿನಲ್ಲಿ ಶುರು ಮಾಡಿದಳು.

"ಅಮ್ಮಾ, ನಿನ್ ಕಣ್ಣಿಗೆ ಬೂದಿ ಬಿದ್ದಿದ್ಯಾ? ಯಾರಾದ್ರೂ ನಾಲ್ಕು ಮೂಲೆ ಹಾಸ್ಕೊಂಡು ಮಲಗ್ತಾರಾ? ಚಾಪೆ ಹಾಸ್ಕೋತಾರೆ. ಇದು ಮೊದಲು ಚಂದ್ರ ಆಗಿತ್ತು. ಅಜ್ಜಿ ದೊಡ್ಡಜ್ಜಿ ಬಟ್ಟೆ ಹಾಳು ಮಾಡಿದ್ಳು, ಅದಕ್ಕೆ ಡೋಲಾಯ್ತು. ನಿಮ್ಮಮ್ಮ ನಿನಗೇನೂ ಕಲಿಸ್ಲಿಲ್ವಾ?"

ಅಕ್ಕ ತನ್ನ ಸೆರಗಿನ ಒಂದು ಹಲ್ಲನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸತೊಡಗಿದಳು. ಮಗ ನೆಲ ನೋಡುತ್ತಿದ್ದ, ಭುಜ ಮಾತ್ರ ಕುಣಿಯುತ್ತಿತ್ತು. ಸೊಸೆ ಮಗುವಿಗೆ ನಮ್ಮ ಮಾತಿನಲ್ಲೇ ಒಂದು ಪ್ರಶ್ನೆ ಕೇಳಿದಳು, ಬಟ್ಟೆ ಹಾಳಾದದ್ದು ಹೇಗೆ ಎಂದು. ಮಗು ಮಡಕೆಯಿಂದ ಹಿಡಿದು ಖರ್ಜೂರದವರೆಗೆ ಹೇಳಿತು. ಖರ್ಜೂರದ ವಿಷಯ ಅವಳಿಗೆ ಯಾರು ಹೇಳಿದರೋ ಗೊತ್ತಿಲ್ಲ. ನಾನೇ ಇರಬೇಕು, ಜಗಳದ ನಡುವೆ.

ಸೊಸೆ ಕೇಳಿ ಮುಗಿಸಿ ಫೋನು ಚೀಲಕ್ಕೆ ಹಾಕಿದಳು.

"ಅತ್ತೆ, ಇವಳಿಗೆ ಟ್ಯೂಷನ್ ಬೇಡ. ಏಪ್ರಿಲ್‌ಗೆ ಇಲ್ಲಿಗೇ ಬರ್ತಾಳೆ. ಟ್ಯೂಷನ್ ಬೇಕಾಗಿರೋದು ನಿಮ್ಮಿಬ್ಬರಿಗೆ."

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಮಾಡುತ್ತಿರಲಿಲ್ಲ. ಶಾಲೆಯವರು ಇಟ್ಟ ಹತ್ತು ಹೆಸರನ್ನು ಏಪ್ರಿಲ್ ಒಳಗೆ ನಾವಿಬ್ಬರೂ ಕಲಿಯಬೇಕು, ಇಲ್ಲವಾದರೆ ಮಗು ಬರುವುದಿಲ್ಲ ಎಂದು ಚಿತ್ರಗಳ ಕೆಳಗೆ ಆ ಹೆಸರು ಬರೆದು, ಹಾಳೆಯನ್ನು ನಮ್ಮ ಗೋಡೆಗೇ ಅಂಟಿಸಿ ಹೋದಳು. ನನ್ನದೇ ಮರಗೆಣಸಿನ ಅಂಟಿನಿಂದ.

ಈಗ ಶುಕ್ರವಾರ ನಮಾಜು ಮುಗಿದ ಮೇಲೆ ಮುಖ ಕಾಣುವ ಫೋನು ಬರುತ್ತದೆ. ಇಬ್ಬರೂ ಮುಖ ತೊಳೆದು, ಹಾಳೆಯಿರುವ ಗೋಡೆಗೆ ಬೆನ್ನು ಮಾಡಿ ಕುಳಿತಿರಬೇಕು. ಪ್ರಶ್ನೆ ಕೇಳುವವಳು ಅಬೇಕೆ. ಹೋದ ಶುಕ್ರವಾರ ಅಕ್ಕನಿಗೆ ಆರು ಬಂತು. ನನಗೆ ನಾಲ್ಕು. ಅಕ್ಕ ನನಗೆ ಕೇಳುವ ಹಾಗೆ ಉಸಿರು ಬಿಟ್ಟಳು. ಮಗು ಮಾತ್ರ ಸಮಾಧಾನ ಹೇಳಿತು.

"ಬೇಜಾರ್ ಮಾಡ್ಕೋಬೇಡ ಅಜ್ಜಿ. ನೀನು ಈಗಿನ್ನೂ ಯೊರೂಬಾ ಕಲಿಯೋಕೆ ಶುರು ಮಾಡಿದ್ದೀಯ."